ದಾರಿ ಹೇಳುವವರ ಹೊಣೆ

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂಬುದು ನಮ್ಮ ಹಿರಿಯರ ಗಾದೆ. ಕಾಣದ ದಾರಿಯನ್ನು ಇನ್ನೊಬ್ಬರ ಮಾತಿನ ಮೇಲೆ ಹಿಡಿಯುವ ಮೋಟಾರು ಸೈಕಲ್ ಸವಾರನಿಗಂತೂ ಇದು ಇನ್ನಷ್ಟು ಸಲ್ಲುತ್ತದೆ. ಮುಂದೆ ಹೋದವರು ಬರೆದಿಟ್ಟ ಟಿಪ್ಪಣಿಯೇ ಅವನಿಗೆ ದೀವಿಗೆ. ಅದು ಮಂಕಾಗಿದ್ದರೆ ಕಾರಿನವನು ಅರ್ಧ ದಿನ ಕಳೆದುಕೊಂಡಾನು. ಎರಡು ಚಕ್ರದವನು ಪ್ರಾಣವನ್ನೇ ಕಳೆದುಕೊಂಡಾನು.

ಬರೆದವರು ಸುಳ್ಳರಾದ ಮಾತ್ರಕ್ಕೆ ಟಿಪ್ಪಣಿ ಸುಳ್ಳಾಗುತ್ತದೆಂದಲ್ಲ. ಅನೇಕ ವೇಳೆ ಕಾಲವೇ ಅದನ್ನು ಸುಳ್ಳು ಮಾಡುತ್ತದೆ. ಕೊಟ್ಟಿಗೆಹಾರದಿಂದ ಉಜಿರೆಯ ಕಡೆಗೆ ಇಳಿಯುವ ಚಾರ್ಮಾಡಿ ಘಾಟಿಯನ್ನೇ ನೋಡಿ. 2019ರ ಬೇಸಗೆಯಲ್ಲಿ ಒಬ್ಬರು 'ದಾರಿ ಸುಗಮ' ಎಂದು ಬರೆದಿದ್ದರೆ ಅದು ಅಂದಿಗೆ ನಿಜವೇ ಇದ್ದೀತು. ಅದೇ ಆಗಸ್ಟಿನ ಮಳೆಯಲ್ಲಿ ಗುಡ್ಡ ಜರಿದು ಸಂಚಾರ ನಿಂತಿತು. ಹಿಂದಿನ ವರ್ಷ, 2018ರ ಆಗಸ್ಟಿನಲ್ಲಿ, ಮಡಿಕೇರಿ–ಸಂಪಾಜೆ ರಸ್ತೆಗೂ ಇದೇ ಗತಿ ಒದಗಿತ್ತು. ತಾರೀಖಿಲ್ಲದ ಟಿಪ್ಪಣಿ ಹಳೆಯ ಪಂಚಾಂಗಕ್ಕಿಂತಲೂ ಕಡೆ. ಪಂಚಾಂಗದ ಮೇಲೆ ಸಂವತ್ಸರದ ಹೆಸರಾದರೂ ಇರುತ್ತದೆ.

ಎರಡನೆಯದು, ಕಂಡದ್ದನ್ನೂ ಕೇಳಿದ್ದನ್ನೂ ಬೇರ್ಪಡಿಸುವುದು. ತಾನು ಎಲ್ಲಿಂದ ಎಲ್ಲಿಯವರೆಗೆ ಹೋದೆ, ಗಾಡಿ ಯಾವುದು, ಹಿಂದೆ ಜನ ಕುಳಿತಿದ್ದರೇ, ಹಗಲೇ ರಾತ್ರಿಯೇ, ಪೆಟ್ರೋಲು ಎಲ್ಲಿ ಸಿಕ್ಕಿತು, ಇಷ್ಟನ್ನೂ ಬರೆಯಬೇಕು. ಆಗುಂಬೆಯ ತಿರುವುಗಳು ಮಾಘದ ಬಿಸಿಲಿನಲ್ಲಿ ಒಂದು ಬಗೆ, ಆಷಾಢದ ಮಂಜುಮಳೆಯಲ್ಲಿ ಮತ್ತೊಂದು ಬಗೆ. ಚಹದಂಗಡಿಯಲ್ಲಿ ಯಾರೋ ಹೇಳಿದ ಒಳದಾರಿಯಾದರೆ 'ಕೇಳಿದ್ದು' ಎಂದೇ ಬರೆಯಲಿ.

ಮೂರನೆಯದು ಋಣದ ಮಾತು. ಫ್ರಾನ್ಸಿನ ಟೈರು ತಯಾರಕರಾದ ಮಿಷೆಲಿನ್ ಸೋದರರು 1900ರಲ್ಲಿ ವಾಹನ ಸವಾರರಿಗಾಗಿ ಒಂದು ಕೈಪಿಡಿ ಹೊರಡಿಸಿ ಪುಕ್ಕಟೆಯಾಗಿ ಹಂಚಿದರು. 1920ರಲ್ಲಿ ಅದಕ್ಕೆ ಬೆಲೆಯಿಟ್ಟರು. ಹಣ ಪಡೆದು ಹಾಕುತ್ತಿದ್ದ ಜಾಹೀರಾತುಗಳನ್ನು ಕೈಬಿಟ್ಟರು. ಮುಂದೆ ಅದರ ಪರೀಕ್ಷಕರು ತಮ್ಮ ಗುರುತು ಹೇಳದೆ ಉಂಡು, ಎಲ್ಲರಂತೆ ಬಿಲ್ಲು ತೆತ್ತು ಬರುವ ಪದ್ಧತಿ ಬೆಳೆಯಿತು. ಉಪ್ಪು ತಿಂದ ಬಾಯಿಂದ ನಿಷ್ಠುರದ ಮಾತು ಹೊರಡುವುದು ಕಷ್ಟವೆಂದು ಅವರು ಬಲ್ಲರು. ಪುಕ್ಕಟೆ ಸಿಕ್ಕ ಹೆಲ್ಮೆಟ್ಟನ್ನೋ, ಬಾಡಿಗೆಯಿಲ್ಲದೆ ಕೊಟ್ಟ ಕೊಠಡಿಯನ್ನೋ ಹೊಗಳುವವರು ಆ ಸಂಗತಿಯನ್ನು ಮೊದಲ ಸಾಲಿನಲ್ಲೇ ಹೇಳಿಬಿಡಲಿ. ತೂಕ ಮಾಡುವ ಕೆಲಸ ಓದುವವರದು.

ಕೊನೆಯದಾಗಿ, ತಪ್ಪು ಕಂಡಾಗ ಹಳೆಯ ಸಾಲನ್ನು ಸದ್ದಿಲ್ಲದೆ ಅಳಿಸುವುದಕ್ಕಿಂತ, ಅದರ ಕೆಳಗೇ ತಾರೀಖು ಹಾಕಿ ತಿದ್ದುಪಡಿ ಬರೆಯುವುದು ಲೇಸು. ಹಳೆಯದನ್ನು ನಂಬಿ ಹೊರಡಲಿದ್ದವನಿಗೆ ಏನು ಬದಲಾಯಿತೆಂದು ತಿಳಿಯಬೇಡವೆ? ತಿದ್ದಿದವನ ಮೇಲೆ ಮುನಿಯದ ಬಳಗವೇ ನಂಬಿಕೆಗೆ ಅರ್ಹವಾದ ಬಳಗ. 'ಅಲ್ಲಿಂದಾಚೆ ನಾನು ಹೋಗಿಲ್ಲ' ಎನ್ನುವುದರಲ್ಲಿ ನಾಚಿಕೆಯೇನೂ ಇಲ್ಲ.

ಮನೆಯ ಮಗನೋ ಮಗಳೋ ಮುಂಜಾನೆ ಗಾಡಿ ಹೊರಡಿಸುವಾಗ ಬೇಡವೆಂದು ತಡೆಯುವ ತಾಯಿತಂದೆಯರು ಉಂಟು. ತಡೆಯುವ ಬದಲು ಒಂದು ಪ್ರಶ್ನೆ ಕೇಳಿನೋಡಿ: "ಈ ದಾರಿ ಹೇಳಿದವರು ಅದರ ಮೇಲೆ ಹೋದದ್ದು ಯಾವತ್ತು?"