ದಂಡಿನ ಹೆಣ್ಣುಮಕ್ಕಳ ವಸತಿಶಾಲೆಗಳು

ಬೆಂಗಳೂರಿನ ದಂಡು ಪ್ರದೇಶದ ಹೆಣ್ಣುಮಕ್ಕಳ ವಸತಿಶಾಲೆಗಳನ್ನು ಪೇಟೆಯ ಕಡೆಯವರಾದ ನಾವು ಒಂದೋ ಬೆರಗಿನಿಂದ ಕಂಡಿದ್ದೇವೆ, ಇಲ್ಲವೆ ಅನುಮಾನದಿಂದ. ಎರಡು ನೋಟಗಳಲ್ಲಿಯೂ ಅರ್ಧ ಸತ್ಯವಿದೆ. ಎಪ್ಪತ್ತರ ದಶಕದಲ್ಲಿ ಅಂಥದೊಂದು ಶಾಲೆಯಲ್ಲಿ ಕೆಲವು ವರ್ಷ ಕನ್ನಡ ಕಲಿಸಿದ ನನಗೆ, ಉಳಿದರ್ಧವನ್ನು ಹೇಳುವ ಋಣ ಇದೆಯೆಂದು ತೋರುತ್ತದೆ.

1809ರಲ್ಲಿ ಶ್ರೀರಂಗಪಟ್ಟಣದ ಚಳಿಜ್ವರದಿಂದ ಕಂಗೆಟ್ಟ ಬ್ರಿಟಿಷ್ ಸೇನೆ ಹಲಸೂರಿನ ಕಡೆಯ ಬಯಲಿಗೆ ಬಂದು ಬೀಡುಬಿಟ್ಟಿತು. ದಂಡಿನ ಹಿಂದೆ ಸಂಸಾರಗಳು ಬಂದವು. ಸಂಸಾರಗಳ ಹಿಂದೆ ಶಾಲೆಗಳು ಬಂದವು. 1854ರಲ್ಲಿ ಫ್ರಾನ್ಸಿನ ಆಂಜೇ ನಗರದ ಗುಡ್ ಶೆಫರ್ಡ್ ಸಂಘದ ಸಂನ್ಯಾಸಿನಿಯರು ಇಲ್ಲಿಗೆ ಬಂದು ನೆಲೆಸಿದರು. ಸೇಕ್ರೆಡ್ ಹಾರ್ಟ್ ಹೆಣ್ಣುಮಕ್ಕಳ ಶಾಲೆ ಅವರದು. 1886ರಲ್ಲಿ ಸೇಂಟ್ ಮಾರ್ಥಾ ಆಸ್ಪತ್ರೆಯನ್ನು ತೆರೆದವರೂ ಅವರೇ. 1865ರಲ್ಲಿ ಪಾದ್ರಿ ಸ್ಯಾಮ್ಯುಯೆಲ್ ಪೆಟಿಗ್ರೂ ಆರಂಭಿಸಿದ ಶಾಲೆ, ಕಲ್ಕತ್ತೆಯ ಬಿಷಪ್ ಜಾರ್ಜ್ ಕಾಟನ್ನರ ಹೆಸರನ್ನು ಹೊತ್ತಿತು. ಕಾಟನ್ನರು ಇಂಗ್ಲೆಂಡಿನ ರಗ್ಬಿ ಶಾಲೆಯಲ್ಲಿ ಥಾಮಸ್ ಆರ್ನಾಲ್ಡರ ಕೈಕೆಳಗೆ ಉಪಾಧ್ಯಾಯರಾಗಿದ್ದವರು. ಮುಂದೆ ಆ ಶಾಲೆ ಗಂಡುಮಕ್ಕಳಿಗೊಂದು, ಹೆಣ್ಣುಮಕ್ಕಳಿಗೊಂದು ಎಂದು ಎರಡಾಯಿತು. 1880ರಲ್ಲಿ ಅಮೆರಿಕದ ಮೆಥಡಿಸ್ಟರು ತೆರೆದ ಬಾಲ್ಡ್‌ವಿನ್ ಶಾಲೆಗೆ, ಓಹಾಯೋ ರಾಜ್ಯದ ದಾನಿ ಜಾನ್ ಬಾಲ್ಡ್‌ವಿನ್ನರ ಹೆಸರು ಬಂತು.

ಇಲ್ಲಿಗೆ ಬರುತ್ತಿದ್ದವರು ಸಿರಿವಂತರ ಮಕ್ಕಳೇ ಎಂಬ ನಂಬಿಕೆ ಸರಿಯಲ್ಲ. ತಂದೆ ರೈಲ್ವೆಯಲ್ಲಿ ಗಾರ್ಡು. ಇಂದು ಈ ಊರು, ನಾಳೆ ಇನ್ನೊಂದು. ಇನ್ನೊಬ್ಬಳ ತಂದೆ ಕೋಲಾರದ ಚಿನ್ನದ ಗಣಿಯಲ್ಲಿ. ಮತ್ತೊಬ್ಬಳ ತಂದೆ ಕಾಫಿ ತೋಟದಲ್ಲಿ. 1864ರಲ್ಲಿ ದಂಡಿಗೂ ಜೋಲಾರಪೇಟೆಗೂ ರೈಲು ಓಡತೊಡಗಿದ ಮೇಲೆ ದೂರದ ಮಕ್ಕಳು ಬರುವುದು ಸುಲಭವಾಯಿತು. ಮೈಸೂರಿನಲ್ಲಿ ಅಂಬಳೆ ನರಸಿಂಹ ಅಯ್ಯಂಗಾರ್ಯರು ಹೆಣ್ಣುಮಕ್ಕಳ ಶಾಲೆಯನ್ನು ತೆರೆದದ್ದು 1881ರಲ್ಲಿ. ಮಗಳನ್ನು ಬೀದಿಯಾಚೆಯ ಶಾಲೆಗೆ ಕಳುಹಿಸಲು ನಮ್ಮ ಮನೆಗಳು ಹಿಂದೆಮುಂದೆ ನೋಡುತ್ತಿದ್ದ ಕಾಲದಲ್ಲಿ, ದಂಡಿನಲ್ಲಿ ಹುಡುಗಿಯರು ತಿಂಗಳುಗಟ್ಟಲೆ ಮನೆ ಬಿಟ್ಟಿದ್ದು ಓದುತ್ತಿದ್ದರು.

ಅವರ ದಿನವನ್ನು ಆಳುತ್ತಿದ್ದುದು ಗಂಟೆ. ಏಳುವುದಕ್ಕೊಂದು ಗಂಟೆ, ಪ್ರಾರ್ಥನೆಗೊಂದು, ಊಟಕ್ಕೊಂದು, ದೀಪವಾರಿಸುವುದಕ್ಕೊಂದು. ಉದ್ದನೆಯ ಮಲಗುವ ಕೋಣೆ, ಸಾಲಾಗಿ ಕಬ್ಬಿಣದ ಮಂಚಗಳು, ಪ್ರತಿ ಮಂಚದ ಕೆಳಗೊಂದು ತಗಡಿನ ಟ್ರಂಕು. ಅಗಸರವನ ಗಂಟಿನಲ್ಲಿ ಬೆರೆತುಹೋಗದಂತೆ ಪ್ರತಿ ಬಟ್ಟೆಗೂ ಹೊಲಿದ ಸಂಖ್ಯೆ. ಮನೆಯಿಂದ ತಂದ ತಿಂಡಿಯ ಡಬ್ಬ ವಾರ ಕಳೆಯುವುದರೊಳಗೆ ಎಲ್ಲರದೂ ಆಗಿ ಬರಿದಾಗುತ್ತಿತ್ತು. ಹೊಸದಾಗಿ ಬಂದ ಪುಟ್ಟ ಹುಡುಗಿ ರಾತ್ರಿ ಅತ್ತರೆ ಪಕ್ಕದ ಮಂಚದವಳು ಎದ್ದು ಬಂದು ಕೂರುತ್ತಿದ್ದಳು. ಅದನ್ನು ಯಾವ ನಿಯಮವೂ ವಿಧಿಸಿರಲಿಲ್ಲ, ಯಾವ ನಿಯಮವೂ ತಡೆಯಲಿಲ್ಲ. ಈ ಶಿಸ್ತಿನಿಂದ ಹೊರಬಂದವರು ಉಪಾಧ್ಯಾಯಿನಿಯರಾದರು, ದಾದಿಯರಾದರು, ಟೆಲಿಫೋನ್ ಕಛೇರಿಗಳಲ್ಲಿ ದುಡಿದರು. ಹೆಣ್ಣು ತನ್ನ ಅನ್ನವನ್ನು ತಾನೇ ಗಳಿಸಬಹುದೆಂಬುದನ್ನು ಈ ಊರು ಅವರಿಂದಲೂ ಕಲಿಯಿತು.

ಆದರೆ ಗೋಡೆಯ ಹೊರಗಿನ ಊರಿನ ಮಾತು ಒಳಗೆ ಬರಲು ಬಹುಕಾಲ ಹಿಡಿಯಿತು. 1881ರಿಂದ ದಂಡು ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿದ್ದು, ಮೈಸೂರಿಗೆ ಮರಳಿದ್ದು 1947ರಲ್ಲಿ. ಸಂವಿಧಾನದ 337ನೆಯ ವಿಧಿ ಆಂಗ್ಲೋ-ಇಂಡಿಯನ್ ಶಾಲೆಗಳ ವಿಶೇಷ ಅನುದಾನವನ್ನು ಹಂತಹಂತವಾಗಿ ಇಳಿಸುತ್ತ ಹತ್ತು ವರ್ಷಗಳಿಗೆ ಸೀಮಿತಗೊಳಿಸಿತು. ಅದನ್ನು ಪಡೆಯುವ ಶಾಲೆ ವರ್ಷದ ಪ್ರವೇಶಗಳಲ್ಲಿ ಶೇಕಡಾ 40ನ್ನಾದರೂ ಇತರರಿಗೆ ತೆರೆದಿಡಬೇಕೆಂದಿತು. ಇಂಗ್ಲಿಷ್ ಮಾಧ್ಯಮದ ಶಾಲೆಗಳಿಗೆ ಇತರ ಭಾರತೀಯ ಮಕ್ಕಳನ್ನು ಸೇರಿಸಕೂಡದೆಂದು ಮುಂಬಯಿ ಸರ್ಕಾರ ಹೊರಡಿಸಿದ ಆಜ್ಞೆಯನ್ನು 1954ರಲ್ಲಿ ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿತು. ಬಾಗಿಲು ತೆರೆಯಿತು, ಕನ್ನಡದ ಮನೆಗಳ ಹುಡುಗಿಯರು ಒಳಗೆ ಬಂದರು. ಅವರ ಮಾತು ಮಾತ್ರ ಬಾಗಿಲಲ್ಲೇ ನಿಂತಿತು.

ನಾನು ಕಲಿಸುತ್ತಿದ್ದ ಶಾಲೆಯಲ್ಲಿ ಭಾನುವಾರ ಮನೆಗೆ ಕಾಗದ ಬರೆಯುವ ದಿನ. ಬರೆಯಬೇಕಾದದ್ದು ಇಂಗ್ಲಿಷಿನಲ್ಲಿ, ಲಕೋಟೆ ಅಂಟಿಸುವ ಮೊದಲು ಹಿರಿಯರೊಬ್ಬರು ಓದಿ ತಿದ್ದುತ್ತಿದ್ದರು. ಚಿಕ್ಕಮಗಳೂರಿನ ಕಡೆಯ ಹುಡುಗಿಯೊಬ್ಬಳು ಒಂದು ದಿನ, “ಮಿಸ್, ನಮ್ಮಮ್ಮನಿಗೆ ಇಂಗ್ಲಿಷ್ ಬರೋದಿಲ್ಲ. ಅಪ್ಪ ಓದಿ ಹೇಳ್ತಾರೆ. ಅವರು ಎಲ್ಲ ಹೇಳೋದಿಲ್ಲ” ಎಂದಳು. ಅವಳಿಗೆ ಕನ್ನಡ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಆ ವರ್ಷ ಪಠ್ಯವನ್ನು ಬದಿಗಿಟ್ಟು ನಾನು ಕಾಗದ ಬರೆಯುವುದನ್ನೇ ಕಲಿಸಿದೆ. ಅವಳ ಮೊದಲ ಕಾಗದ ನಾಲ್ಕೇ ಸಾಲು, ಒತ್ತಕ್ಷರಗಳೆಲ್ಲ ತಪ್ಪು. ಕೊನೆಯ ಸಾಲಿನಲ್ಲಿ, ಕೆಂಪಿ ಕರು ಹಾಕಿದಳೇ ಎಂಬ ಪ್ರಶ್ನೆ. ಹತ್ತು ದಿನಗಳಲ್ಲಿ ಉತ್ತರ ಬಂತು. ತಾಯಿ ತನ್ನ ಕೈಯಾರೆ ಮಗಳಿಗೆ ಬರೆದ ಮೊದಲ ಕಾಗದ ಅದು. ಮೂರು ಪುಟ ತುಂಬಿತ್ತು. ಇಂಗ್ಲಿಷ್ ಕಾಗದಗಳಲ್ಲಿ ಆ ಹುಡುಗಿ ಕೆಂಪಿಯ ಸುದ್ದಿ ಕೇಳಿಯೇ ಇರಲಿಲ್ಲ. ತಿದ್ದುವವರ ಕಣ್ಣಿಗೆ ಬೀಳುವ ಕಾಗದದಲ್ಲಿ ಹಸುವಿನ ಮಾತು ತಕ್ಕದ್ದಲ್ಲವೆಂದು ಅವಳೇ ಬಗೆದಿದ್ದಳು.

ಮಗಳು ದೂರ ಹೋಗಿ ಓದಬೇಕು. ಅದರಲ್ಲಿ ನನಗೆ ಸಂದೇಹವಿಲ್ಲ. ಗಂಟೆಯ ಶಿಸ್ತು, ಆಟದ ಬಯಲು, ಸ್ವಂತ ಕಾಲಿನ ಮೇಲೆ ನಿಲ್ಲುವ ಧೈರ್ಯ, ಇವನ್ನು ಕೊಟ್ಟ ಶಾಲೆಗಳನ್ನು ಹಗುರಾಗಿ ಕಾಣುವುದು ಕೃತಘ್ನತೆ. ಆದರೆ ಓದಿದ ಮಗಳ ಕಾಗದವನ್ನು ತಾಯಿ ಓದಲಾರದೆ ಹೋದರೆ, ಆ ವಿದ್ಯೆಯಲ್ಲಿ ಒಂದು ಪಾಠ ಬಾಕಿ ಉಳಿದಿದೆ ಎಂದೇ ಅರ್ಥ. ಗೋಡೆಯಿಲ್ಲದ ಇಂದಿನ ನಮ್ಮ ಶಾಲೆಗಳಲ್ಲಿಯೂ ಆ ಪಾಠ ಬಾಕಿಯಾಗುತ್ತಿರುವುದನ್ನು ಉಪಾಧ್ಯಾಯ ಬಂಧುಗಳು ಗಮನಿಸಬೇಕು.