ಗೊರವಪ್ಪನ ಕಂಬಳಿಯ ಎಳೆ

ಹಡಗಲಿ ತಾಲೂಕಿನ ಮೈಲಾರದ ಜಾತ್ರೆಗೆ ಬರುವ ಗೊರವಪ್ಪನ ಮೈಮೇಲೆ ಕರಿ ಕಂಬಳಿಯ ನಿಲುವಂಗಿ. ಸ್ವಲ್ಪ ಮುಟ್ಟಿ ನೋಡಿದರೆ ಸಾಕು, ಅಂಗೈಗೆ ಚುರುಚುರು ಎನ್ನುತ್ತದೆ. ಹೆಣಿಕೆಯವರು ಈ ಉಣ್ಣೆಯನ್ನು ಒರಟು ಎಂದು ಪಕ್ಕಕ್ಕಿಡುತ್ತಾರೆ. ಆ ಒರಟುತನದಲ್ಲೇ ಇದರ ಗುಣವೆಲ್ಲ ಅಡಗಿದೆ ಎಂಬುದು ನನ್ನ ನಂಬಿಕೆ.

ಚುಚ್ಚುವುದಕ್ಕೆ ಕಾರಣ ಎಳೆಯ ದಪ್ಪ. ಮೆರಿನೋ ಕುರಿಯ ಎಳೆ ಸುಮಾರು 20 ಮೈಕ್ರಾನ್. ಚರ್ಮಕ್ಕೆ ತಾಗಿದೊಡನೆ ಬಾಗುತ್ತದೆ. 30 ಮೈಕ್ರಾನ್ ದಾಟಿದ ಎಳೆ ಬಾಗದೆ ನೆಟ್ಟಗೆ ಒತ್ತುತ್ತದೆ, ಚರ್ಮದ ನರತುದಿಗಳು ಅದನ್ನು ಚುಚ್ಚುವಿಕೆ ಎಂದೇ ಅರಿಯುತ್ತವೆ. ನಮ್ಮ ಡೆಕ್ಕನಿ, ಬಳ್ಳಾರಿ ತಳಿಗಳ ಎಳೆ 50ರ ಆಸುಪಾಸಿನದು. ಇವುಗಳಲ್ಲಿ ಹಲವು ಎಳೆಗಳ ಒಳಗೆ ಪೊಳ್ಳು ತಿರುಳಿದ್ದು, ಗಾಳಿ ತುಂಬಿರುತ್ತದೆ.

ಮೆರಿನೋ ಎಳೆಯ ಎರಡು ಪಾರ್ಶ್ವಗಳ ರಚನೆ ಬೇರೆಬೇರೆ. ಹಾಗಾಗಿ ಅದು ಅಲೆಅಲೆಯಾಗಿ ಸುರುಳಿಗಟ್ಟುತ್ತದೆ, ಎಳೆದರೆ ಹಿಗ್ಗಿ ಮತ್ತೆ ಕುಗ್ಗುತ್ತದೆ. ಸ್ವೆಟರಿಗೆ ಬೇಕಾದದ್ದು ಈ ಗುಣ. ನಮ್ಮ ಉಣ್ಣೆಯಲ್ಲಿ ಸುರುಳಿ ಕಡಿಮೆ. ಇದರಿಂದ ಸ್ವೆಟರ್ ಹೆಣೆದರೆ ಮೊಣಕೈ ಜೋತುಬೀಳುತ್ತದೆ. ಮಗ್ಗದ ಮೇಲೆ ಬಿಗಿಯಾಗಿ ನೇಯ್ದ ಕಂಬಳಿ ಹಿಗ್ಗಬೇಕಿಲ್ಲವಲ್ಲ!

ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ನಿಂತ ಕುರಿಗಾರನನ್ನು ನೆನೆಯಿರಿ. ಎಳೆಯ ಹೊರಮೈಯಲ್ಲಿರುವ ಕೊಬ್ಬಿನ ತೆಳುಪೊರೆ ಹನಿಗಳನ್ನು ಜಾರಿಸುತ್ತದೆ. ಕುರಿಯ ಮೈಜಿಡ್ಡು ಪೂರ್ತಿ ತೊಳೆದುಹೋಗಿರದಿದ್ದರೆ ಅದೂ ಕೈಜೋಡಿಸುತ್ತದೆ. ಗಾಳಿಯ ತೇವವನ್ನೋ ಎಳೆ ಒಳಕ್ಕೆ ಹೀರುತ್ತದೆ: ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ನೀರಾವಿ ಹೀರಿದರೂ ಮುಟ್ಟಿದವರಿಗೆ ಒದ್ದೆ ಅನ್ನಿಸುವುದಿಲ್ಲ. ಹೀರುವಾಗ ಒಂದಿಷ್ಟು ಶಾಖವೂ ಹೊರಬೀಳುತ್ತದೆ. ಅಂಗಡಿಯಲ್ಲಿ ‘ಉಲ್ಲನ್’ ಎಂದು ಕೊಡುವ ಎಷ್ಟೋ ಉಂಡೆಗಳು ಅಕ್ರಿಲಿಕ್, ಅಂದರೆ ಪ್ಲಾಸ್ಟಿಕ್ಕಿನ ಬಂಧು. ಅವಕ್ಕೆ ಈ ವಿದ್ಯೆ ಬಾರದು.

ನೂಲುವುದಕ್ಕೆ ಮುಂಚೆ ಉಣ್ಣೆಯನ್ನು ಬಿಲ್ಲಿನಿಂದ ಎಕ್ಕುತ್ತಾರೆ. ಬಿಲ್ಲಿನ ಹೆದೆ ಮಿಡಿದಂತೆಲ್ಲ ಗಂಟು ಬಿಚ್ಚಿ, ಧೂಳು ಕಸ ಉದುರುತ್ತದೆ. ಕಾರ್ಖಾನೆಗಳಲ್ಲಿ ಉಣ್ಣೆಗೆ ಅಂಟಿದ ಮುಳ್ಳು, ಬೀಜಗಳನ್ನು ಗಂಧಕಾಮ್ಲದಲ್ಲಿ ಸುಡುವುದುಂಟು. ನೇಯುವ ಮೊದಲು ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಬಳಿಯುತ್ತಾರೆ. ಆ ಬೀಜದಲ್ಲಿರುವ ಸಕ್ಕರೆ ಸರಪಳಿಯ ಅಂಟು, ಹೊರಚಾಚಿದ ಕೂದಲನ್ನೆಲ್ಲ ಮಲಗಿಸುತ್ತದೆ, ನೂಲು ಮಗ್ಗದಲ್ಲಿ ಉಜ್ಜಿ ಕಡಿಯದು. ಬಣ್ಣಕ್ಕೆ ಕುರಿಯ ಮೆಲನಿನ್ ಇದೆ. ಬಿಸಿಲುಂಡ ಕರಿ ಉಣ್ಣೆಯ ತುದಿ ಕೆಂಚಗಾಗುವುದು ಆ ಮೆಲನಿನ್ ಒಡೆಯುವುದರಿಂದ.

ಇಷ್ಟಾದರೂ ಇದನ್ನು ಕಣ್ಣುಮುಚ್ಚಿ ಸಾವಯವ ಎನ್ನಲಾಗದು. ಆ ಮುದ್ರೆ ಬೀಳಬೇಕಾದರೆ ಕುರಿ ಮೇದ ಹೊಲಕ್ಕೆ ಏನು ಸಿಂಪಡಿಸಿದ್ದರು, ಉಣ್ಣೆಹೇನಿಗೆ ಯಾವ ಔಷಧದಲ್ಲಿ ಮೀಯಿಸಿದರು ಎಂಬುದಕ್ಕೂ ಲೆಕ್ಕ ಬೇಕು. ಮೆಕ್ಕೆಜೋಳ, ಹತ್ತಿಯ ಕೂಳೆಯಲ್ಲಿ ಮೇಯುವ ಮಂದೆಗೆ ಆ ಲೆಕ್ಕ ಇಡುವುದು ಸುಲಭವಲ್ಲ.

ಕತ್ತರಿಸಿದ ಕೂಲಿಯೂ ಹುಟ್ಟದೆ ಉಣ್ಣೆಯನ್ನು ಎಸೆಯುವ ಕುರಿಗಾರರನ್ನು ಕಂಡರೆ ಸಂಕಟವಾಗುತ್ತದೆ. ಉಣ್ಣೆಯೇ ಬೆಳೆಯದ ನೆಲ್ಲೂರು ತಳಿ ಮಾಂಸಕ್ಕಾಗಿ ಮಂದೆ ಸೇರುತ್ತಿದೆ. ಕ್ರೋಶಾ ಮಾಡುವವರಿಗೆ ನನ್ನದೊಂದು ಕೋರಿಕೆ: ಮರಿಯ ಮೊದಲ ಕತ್ತರಿಯ ಉಣ್ಣೆ ಕೇಳಿ. ಅದರ ಎಳೆ ದೊಡ್ಡ ಕುರಿಯದಕ್ಕಿಂತ ಮೆದು. ಚೀಲ, ಕೂರುವ ಚಾಪೆಗಂತೂ ಹೇಳಿಮಾಡಿಸಿದ್ದು. ಟೋಪಿಗಾದರೆ ಒಳಗೆ ಹತ್ತಿಯ ಅಸ್ತರಿ ಕೊಡಿ.