ಒಂದೇ ಕಥೆ, ಎರಡು ಲಿಪಿ

ಪುಣೆಯ ನಮ್ಮ ಎಷ್ಟೋ ಮನೆಗಳಲ್ಲಿ ಅಜ್ಜಿ ಓದುವುದು ಕನ್ನಡ, ಮೊಮ್ಮಗಳು ಓದುವುದು ಮರಾಠಿ. ಮಗುವಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು. ಕರ್ನಾಟಕದಲ್ಲಿ 2020ರಲ್ಲಿ ಶುರುವಾದ ‘ಓದುವ ಬೆಳಕು’ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. 1848ರ ನಗರ ವಾಚನ ಮಂದಿರವಿರುವ ಈ ಊರಿನಲ್ಲಿ ನಮಗೆ ಸದ್ಯಕ್ಕೆ ಒಂದು ಕಪಾಟು ಸಿಕ್ಕರೂ ಸಾಕು. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಒಂದೇ ಚಿತ್ರಕಥೆ ಹಲವು ಬಾರಿ ಮರಾಠಿ, ಕನ್ನಡ ಎರಡರಲ್ಲೂ ಉಚಿತವಾಗಿ ಸಿಗುತ್ತದೆ. ಮುದ್ರಿಸಿ, ಜೋಡಿಯಾಗಿ ಬಡಾವಣೆಯ ವಾಚನಾಲಯದಲ್ಲಿಡಿ. ಶನಿವಾರ ಒಂದು ಗಂಟೆ ಮರಾಠಿ ಪುಟ ಮಗು ಓದಲಿ, ಕನ್ನಡದ್ದು ಅಜ್ಜಿ. ಹದಿನೈದರ ಹುಡುಗರು ಕಥೆ ಕೇಳಲು ಕೂರುವವರಲ್ಲ ಬಿಡಿ. ಅವರಿಗೆ ಅನುವಾದ ಒಪ್ಪಿಸಿ. ಅದೇ ತಾಣದಲ್ಲಿ ಅದಕ್ಕೂ ಅವಕಾಶವಿದೆ.